ಹಕ್ಕಿ ಕಾಯುವುದು

ನಮ್ಮ ಮನೆಯ ನಡುಕೋಣೆಯ ಕಿಟಕಿಯ ಹತ್ತಿರ ಒಂದು ಪ್ಲಾಸ್ಟಿಕ್ ಕುರ್ಚಿ ಇದೆ. ಅದರ ಒಂದು ಕೈ ಮುರಿದಿದೆ. ಪಕ್ಕದ ಬೀರುವಿನ ಬಾಗಿಲು ಪೂರ್ತಿ ತೆಗೆಯಬೇಕೆಂದರೆ ಈ ಕುರ್ಚಿಯನ್ನು ಎತ್ತಿ ಆಚೆ ಇಡಬೇಕು, ಕೆಲಸ ಮುಗಿದ ಮೇಲೆ ಮತ್ತೆ ಅಲ್ಲೇ ತಂದಿಡಬೇಕು. ನಮ್ಮ ಮನೆಯವರು ಬೆಳಿಗ್ಗೆ ಅಂಗಿ ತೆಗೆದುಕೊಳ್ಳುವಾಗೆಲ್ಲ, "ಇದನ್ನ ಗುಜರಿಯವಗ ಹಾಕಿಬಿಡು, ಸಾಕಾಗೇತಿ" ಎನ್ನುತ್ತಾರೆ. ನಾನು "ಹೂಂ" ಎನ್ನುತ್ತೇನೆ. ಅವರು ಗಾದಿ ಅಂಗಡಿಗೆ ಹೋಗುತ್ತಾರೆ, ನಾನು ಹೋಗಿ ಆ ಕುರ್ಚಿಯಲ್ಲಿ ಕೂರುತ್ತೇನೆ. ನಮ್ಮ ಸಂಸಾರ ಇಷ್ಟು ವರ್ಷ ನಡೆದುಕೊಂಡು ಬಂದದ್ದು ಹೀಗೇ.

ಕೂತು ಏನು ಮಾಡುತ್ತೀರಿ ಎಂದು ನೀವು ಕೇಳಿದರೆ ಉತ್ತರ ಹೇಳುವುದು ಸ್ವಲ್ಪ ಕಷ್ಟ. ಎದುರುಮನೆಯ ಪದ್ಮಕ್ಕ ಹಿಂದೊಮ್ಮೆ ನೋಡಿ ನೋಡಿ ತಡೆಯಲಾರದೆ, "ಏನ್ ಟೀಚರ್, ಯಾರರ ಬರೋರದಾರೇನ್ರಿ? ದಿನಾ ಕಾಯ್ಕೊಂತ ಕುಂದರ್ತೀರಲ್ಲ" ಎಂದರು. "ಹಕ್ಕಿ ಕಾಯ್ತೀನ್ರಿ" ಎಂದೆ. ಅವರು ತೆಲುಗಿನವರು. 'ಪಾಪಂ' ಎನ್ನುವುದು ಮುಖದ ಮೇಲೆ ಕಾಣುತ್ತಿತ್ತು. ರಿಟೈರಾದ ಟೀಚರುಗಳಿಗೆ ತಲೆ ಸ್ವಲ್ಪ ಹೀಗಾಗುವುದುಂಟು ಎಂದು ನಮ್ಮ ಓಣಿಯಲ್ಲಿ ಮೊದಲೇ ಅಭಿಪ್ರಾಯವಿದೆ.

ನಾನು ಹುಟ್ಟಾ ಸುಮ್ಮನೆ ಕೂರುವ ಪೈಕಿ ಅಲ್ಲ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ. ಬಳ್ಳಾರಿ ಬಿಸಿಲಿಗೆ ಬಂಡೆ ಕಾದ ಹಾಗೆ ನನ್ನ ತಲೆ ಕಾಯುತ್ತದೆ, ಮಾತಂತೂ ಕೇಳಲೇಬೇಡಿ. ಕ್ಲಾಸಿನಲ್ಲಿ ನಾನು ಮಗ್ಗಿ ಹೇಳಿಸುತ್ತಿದ್ದರೆ ಗೇಟಿನ ಹೊರಗೆ ಐಸ್ ಮಾರುವವನೂ ಜೊತೆಗೆ ಹೇಳುತ್ತಿದ್ದ. ನನ್ನ ಬಾಯಿ ಮುಚ್ಚಿದ್ದು ಹಲ್ಲು ಕೀಳಿಸಿದ ದಿನ ಒಂದೇ ಎಂದು ನಮ್ಮ ಮನೆಯವರು ಬಂದವರಿಗೆಲ್ಲ ಹೇಳುತ್ತಾರೆ. ಅಂಥವಳಿಗೆ ಸುಮ್ಮನೆ ಕೂತು ನೋಡುವ ಚಟ ಹತ್ತಿದ್ದು ಒಂದು ಶಬ್ದವನ್ನು ತಪ್ಪು ತಿಳಿದುಕೊಂಡದ್ದರಿಂದ.

ನಮ್ಮ 'ಕಾಯು' ಇದೆಯಲ್ಲ, ಬಹಳ ಮೋಸದ ಶಬ್ದ. ನೀರು ಕಾಯುತ್ತದೆ, ನಾವು ಬಸ್ಸು ಕಾಯುತ್ತೇವೆ, ಮೇಲಿನವನು ನಮ್ಮನ್ನು ಕಾಯುತ್ತಾನೆ. ದನ ಕಾಯುವವನ ಕೆಲಸ ದನಕ್ಕೆ ಏನೂ ಆಗದಂತೆ ನೋಡಿಕೊಳ್ಳುವುದು. ಹಕ್ಕಿ ಕಾಯುವವನ ಕೆಲಸ ಹಕ್ಕಿಗೆ ಏನೂ ಸಿಗದಂತೆ ನೋಡಿಕೊಳ್ಳುವುದು. ಹಳ್ಳಿಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ನಾನು ಹುಟ್ಟಿದ್ದು ಬಳ್ಳಾರಿ ಕಂಟೋನ್ಮೆಂಟಿನಲ್ಲಿ, ರೈಲಿನ ಸಪ್ಪಳ ಕೇಳುತ್ತ.

ನಾಲ್ಕನೇ ಇಯತ್ತೆಯಲ್ಲಿದ್ದಾಗ ಅವ್ವನಿಗೆ ಹೆರಿಗೆಯ ಹೊತ್ತೆಂದು ನನ್ನನ್ನು ಸಿರುಗುಪ್ಪದ ಹತ್ತಿರದ ಹಳ್ಳಿಗೆ ಸಣ್ಣವ್ವನ ಮನೆಗೆ ಕಳಿಸಿದರು. ಸಣ್ಣವ್ವ ಎಂದರೆ ಅವ್ವನ ತಂಗಿ. ನಾವು ಹತ್ತಿ ಹಿಂಜುವ ಮನೆತನದ ಸಾಬರು. ಮನೆಯೊಳಗೆ ಕನ್ನಡವೇ, ಸಂಬಂಧಗಳೂ ಅವ್ವ, ಸಣ್ಣವ್ವ, ಸಣ್ಣಪ್ಪನೇ. ಆ ಊರಿನಲ್ಲಿ ಎಲ್ಲರ ಗದ್ದೆಗೂ ಕಾಲುವೆ ನೀರು ಬಂದಿತ್ತು, ಸಣ್ಣಪ್ಪನ ಹೊಲ ಮಾತ್ರ ಎತ್ತರದ ಆಚೆ ದಂಡೆಗಿತ್ತು, ನೀರು ಹತ್ತುತ್ತಿರಲಿಲ್ಲ. ಅಲ್ಲಿ ಬಿಳಿಜೋಳ ಹಾಕಿದ್ದರು. ಚಳಿಗಾಲ, ತೆನೆ ಹಾಲು ತುಂಬಿ ನಿಂತಿತ್ತು. ಮರುದಿನ ಬೆಳಿಗ್ಗೆ ಸಣ್ಣವ್ವ ಕೈಗೆ ರೊಟ್ಟಿ ಗಂಟು ಕೊಟ್ಟು, "ಹೋಗವಾ, ಹಕ್ಕಿ ಕಾಯಿ ಹೋಗು. ಅಟ್ಟದ ಮ್ಯಾಲೆ ಡಬ್ಬಿ ಐತಿ ನೋಡು" ಎಂದಳು.

ಸಣ್ಣವ್ವನ ಮಗ ದನ ಕಾಯುವುದನ್ನು ಹಿಂದಿನ ದಿನವೇ ನೋಡಿದ್ದೆ. ಅವನು ಎಮ್ಮೆಗೆ ನೀರು ಕುಡಿಸಿದ್ದ, ಮೈ ತಿಕ್ಕಿದ್ದ, ನೆರಳಿಗೆ ಕಟ್ಟಿದ್ದ. ಇದೂ ಹಾಗೇ ಇರಬೇಕೆಂದುಕೊಂಡೆ. ಹೊಲದ ನಡುವೆ ನಾಲ್ಕು ಗೂಟದ ಮೇಲೆ ಕಟ್ಟಿದ್ದ ಅಟ್ಟ ಹತ್ತಿದೆ. ಅಲ್ಲೊಂದು ತಗಡಿನ ಡಬ್ಬಿ, ಒಂದು ಕೋಲು. ಡಬ್ಬಿಗೆ ಕಾಲುವೆಯಿಂದ ನೀರು ತುಂಬಿ ತಂದು ಹಕ್ಕಿಗಳಿಗೆ ಕುಡಿಯಲು ಬದುವಿನ ಮೇಲಿಟ್ಟೆ. ಕೋಲು ಯಾಕೆಂದು ತಿಳಿಯಲಿಲ್ಲ. ಬೆಕ್ಕು ಗಿಕ್ಕು ಬಂದರೆ ಓಡಿಸಲಿಕ್ಕಿರಬೇಕು ಎಂದುಕೊಂಡು ಪಕ್ಕದಲ್ಲಿಟ್ಟುಕೊಂಡು ಕೂತೆ. ಗಿಳಿ ಬಂದವು, ಬೆಳವ ಬಂದವು, ಗುಬ್ಬಿಯಂತೂ ಲೆಕ್ಕವಿಲ್ಲ. ಹೆದರಿ ಹೋಗಬಾರದೆಂದು ಕೆಮ್ಮನ್ನೂ ತಡೆದುಕೊಂಡೆ. ಗಿಳಿ ತೆನೆಗೆ ತಲೆಕೆಳಗಾಗಿ ಜೋತು, ಒಂದು ಕಾಲಲ್ಲಿ ಕಾಳು ಹಿಡಿದು, ಸಿಪ್ಪೆ ಉಗುಳಿ ತಿನ್ನುವುದನ್ನು ಅಷ್ಟು ಹತ್ತಿರದಿಂದ ನಾನು ಮತ್ತೆ ಎಂದೂ ನೋಡಿಲ್ಲ.

ಸಂಜೆ ಸಣ್ಣವ್ವ ಬಂದಳು. ಹೊಲ ನೋಡಿದಳು, ನೀರಿನ ಡಬ್ಬಿ ನೋಡಿದಳು, ಅಟ್ಟದ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದ ನನ್ನನ್ನು ನೋಡಿದಳು. ನನಗೆ ಹೆಮ್ಮೆಯೋ ಹೆಮ್ಮೆ. "ಒಂದಕ್ಕೂ ಏನೂ ಆಗಿಲ್ಲ ಸಣ್ಣವ್ವಾ, ಎಲ್ಲಾ ಹೊಟ್ಟಿ ತುಂಬ ಉಂಡು ಹೋದ್ವು" ಎಂದೆ. ಅವಳು ಬದುವಿನ ಮೇಲೆ ಕುಸಿದು ಕೂತಳು. ಅಳುತ್ತಾಳೆಂದುಕೊಂಡೆ, ನಗುತ್ತಿದ್ದಳು. ಹಿಂದಿನಿಂದ ಬಂದ ಸಣ್ಣಪ್ಪ ಕೆಂಡವಾದ. "ಈಕೀನ ನಾಳೀನ ಬಸ್ಸಿಗೆ ಬಳ್ಳಾರಿಗೆ ಕಳಸು" ಎಂದ. ಸಣ್ಣವ್ವ, "ಇರ್ಲಿ ಬಿಡ್ರಿ, ಅರ್ಧ ಹೊಲ ಉಳದೈತಿ. ನಮ್ಮ ಹುಡುಗಿ ಬಂದವರಿಗೆ ಉಣ್ಣಾಕ ಇಕ್ಕ್ಯಾಳ, ಏನ್ ಕಳುವು ಮಾಡ್ಯಾಳೇನು?" ಎಂದಳು. ಆಮೇಲೆ ನನ್ನನ್ನು ಪಕ್ಕ ಕೂರಿಸಿಕೊಂಡು, ಬೆಂಕಿಯಲ್ಲಿ ಸುಟ್ಟ ಎಳೆಗಾಳಿನ ಸೀತನಿ ಕೈಗೆ ಹಾಕಿ, "ಏನೇನ್ ನೋಡಿದಿ, ಹೇಳು" ಎಂದಳು. ಹೇಳಿದೆ. ಗಿಳಿಯ ಕಾಲು, ಬೆಳವದ ಕುತ್ತಿಗೆ, ಗುಬ್ಬಿಗಳ ಜಗಳ ಎಲ್ಲ ಹೇಳಿದೆ. ಅವಳು ನಡುನಡುವೆ "ಹೌದಾ", "ಮುಂದ" ಎನ್ನುತ್ತ ಪೂರ್ತಿ ಕೇಳಿದಳು. ಬೆಳೆ ತಿನ್ನಿಸಿದ ಮಗುವಿನ ಬಾಯಿಂದ ಆ ಕಳ್ಳರ ಬಣ್ಣನೆ ಕೇಳುವ ಹೆಂಗಸು ಎಷ್ಟು ಮಂದಿ ಇದ್ದಾರು? ಅವಳ ಆ ಋಣ ನನ್ನ ಮೇಲೆ ಇನ್ನೂ ಇದೆ.

ಮರುದಿನದಿಂದ ಡಬ್ಬಿ ಬಡಿಯುವುದನ್ನೂ ಕಲಿತೆ. ಆದರೆ ಬಡಿಯುವ ಮೊದಲು ಸ್ವಲ್ಪ ಹೊತ್ತು ನೋಡಿಯೇ ಬಡಿಯುತ್ತಿದ್ದೆ. ನನಗೆ ಬೇಗ ಬೇಜಾರಾಗುತ್ತಿತ್ತು. ಎದ್ದು ಓಡಾಡುತ್ತಿದ್ದೆ. ಆಗ ಸಣ್ಣವ್ವ ಒಂದು ಮಾತು ಹೇಳಿದಳು. ಮರ್ಯಾದಸ್ಥರು ಕ್ಷಮಿಸಬೇಕು, ಅವಳ ಮಾತನ್ನು ನಾನು ತಿದ್ದಲಾರೆ: "ನೋಡೋ ಕೆಲಸ ಕಣ್ಣಿಂದಲ್ಲವಾ, ಕುಂಡೀದು. ಕುಂಡಿ ಊರಿ ಕುಂದ್ರು, ಕಣ್ಣು ತಾನ ನೋಡತೈತಿ."

ಈ ಮಾತನ್ನು ಮಕ್ಕಳಿಗೆ ಹೇಳಿಕೊಡುವ ಧೈರ್ಯ ಟೀಚರಾದ ಮೇಲೆ ನನಗೆ ಬರಲಿಲ್ಲ. 'ತಾಳ್ಮೆಯಿಂದ ವೀಕ್ಷಿಸಬೇಕು' ಎಂದು ಬೋರ್ಡಿನ ಮೇಲೆ ಬರೆದೆ. ಒಮ್ಮೆ ಏಳನೇ ತರಗತಿಯನ್ನು ಸಂಗನಕಲ್ಲಿನ ಗುಡ್ಡಕ್ಕೆ ಕರೆದುಕೊಂಡು ಹೋದೆ. ಹಳೆಯ ಕಾಲದ ಮನುಷ್ಯರು ಕಲ್ಲು ಕುಟ್ಟಿ ಆಯುಧ ಮಾಡುತ್ತಿದ್ದ ಜಾಗವೆಂದು ಹೇಳಿದ್ದೇ ತಡ, ಮಕ್ಕಳೆಲ್ಲ ಕಲ್ಲು ಹಿಡಿದು ಕುಟ್ಟತೊಡಗಿದರು. ಇವರನ್ನು ಸುಮ್ಮನಾಗಿಸಲು ದೂರದ ಜಾಲಿಯ ಕೊಂಬೆಯ ಮೇಲೆ ಕಪ್ಪಗೆ ಕೂತಿದ್ದ ಏನನ್ನೋ ತೋರಿಸಿ, "ಉಸಿರು ಬಿಡಬೇಡಿ, ಅದು ಅಪರೂಪದ ಹಕ್ಕಿ, ಈಗ ಹಾರುತ್ತದೆ" ಎಂದೆ. ಎಲ್ಲರೂ ಬಿಸಿಲಲ್ಲಿ ಮಿಸುಕದೆ ಕೂತೆವು. ಬಹಳ ಹೊತ್ತಾದ ಮೇಲೆ ಗಾಳಿ ಬೀಸಿತು. ಹಕ್ಕಿ ಉಬ್ಬಿತು, ಮತ್ತೆ ಚಪ್ಪಟೆಯಾಯಿತು. ಕಪ್ಪು ಪ್ಲಾಸ್ಟಿಕ್ ಚೀಲ. ಮುಳ್ಳಿನ ಈ ಪರದೇಶಿ ಗಿಡಕ್ಕೆ ರಾಜ್ಯವೆಲ್ಲ 'ಬಳ್ಳಾರಿ ಜಾಲಿ' ಎಂದು ನಮ್ಮೂರ ಹೆಸರಿಟ್ಟು ಬೈಯುವುದು ನನಗೆ ಮೊದಲೇ ಬೇಸರ, ಅವತ್ತು ನಾನೂ ಬೈದೆ. ಆ ಬ್ಯಾಚಿನ ಹುಡುಗರು ಈಗಲೂ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ, "ಟೀಚರ್, ಆ ಹಕ್ಕಿ ಹಾರ್ತೇನ್ರಿ?" ಎಂದು ಕೇಳುತ್ತಾರೆ.

ಇದೆಲ್ಲ ಇರಲಿ. ಕುರ್ಚಿಯ ಮಾತು ಎತ್ತಿದ್ದು ನಸೀಮಾಳ ವಿಷಯ ಹೇಳಲಿಕ್ಕೆ.

ನಸೀಮಾ ನಮ್ಮ ಒಬ್ಬಳೇ ಮಗಳು. ಕುರುಗೋಡಿಗೆ ಕೊಟ್ಟಿದ್ದೇವೆ. ಅಳಿಯನಿಗೆ ಅಲ್ಲಿ ಮೋಟಾರು ರಿಪೇರಿ ಅಂಗಡಿ ಇದೆ, ಬೀಗರು ಒಳ್ಳೆಯ ಜನ. ಮದುವೆಯಾದ ವರ್ಷ ಬೀಗಿತ್ತಿ ತಮ್ಮ ತೋಟದ ಒಂದು ಅಂಜೂರದ ಸಸಿ ಕೊಟ್ಟಿದ್ದರು. ಅದನ್ನು ನಮ್ಮ ಕಿಟಕಿಯ ಹೊರಗೆ ನೆಟ್ಟೆ. ಗಿಡ ಎಲೆ ಬಿಟ್ಟಿತು, ಹಣ್ಣು ಬಿಡಲಿಲ್ಲ. "ಎಲಿ ತಿನ್ನಾಕ ನಾವೇನ್ ಆಡೇನು?" ಎಂದು ನಮ್ಮ ಮನೆಯವರು ಪ್ರತಿ ಬೇಸಿಗೆಯೂ ಅದನ್ನು ಕಡಿಯಲು ಹೊರಡುವರು. ಬೀಗರ ಗಿಡವೆಂದು ನಾನು ತಡೆಯುವೆ.

ನಸೀಮಾಳಿಗೆ ಎರಡು ಸಲ ಬಸಿರು ನಿಂತು ಎರಡು ಸಲವೂ ಇಳಿದುಹೋಯಿತು. ಮೂರನೆಯ ಸಲ ನಿಂತಾಗ ಡಾಕ್ಟರಮ್ಮ, "ಹೆರಿಗೆವರೆಗೂ ಮಂಚ ಬಿಟ್ಟು ಇಳಿಬಾರದು, ಬಚ್ಚಲಿಗೆ ಹೋಗೋದಷ್ಟೇ" ಎಂದರು. ಆಸ್ಪತ್ರೆ ಹತ್ತಿರವಿರಲೆಂದು ಅವಳನ್ನು ನಮ್ಮ ಮನೆಗೆ ಕರೆತಂದೆವು. ಅಳಿಯ ಭಾನುವಾರ ಬಸ್ಸಿಗೆ ಬಂದು, ಮಂಚದ ತುದಿಯಲ್ಲಿ ಕೂತು, ಕೈಯ ಗ್ರೀಸನ್ನೇ ನೋಡಿಕೊಂಡು ಸಂಜೆ ಹೋಗುತ್ತಿದ್ದ. ಅವನಿಗೂ ಭಯ.

ನಸೀಮಾಳದು ತಂದೆಯಂತೆ ಮಾತು ಕಡಿಮೆ. ಮಲಗಿದಲ್ಲೇ ದಿನವಿಡೀ ಮೊಬೈಲ್ ನೋಡುವಳು. ಅದರಲ್ಲಿ ಊರಿನವರ ಹೊಟ್ಟೆನೋವಿನ ಕಥೆಗಳನ್ನೆಲ್ಲ ಓದಿ ಓದಿ ಊಟ ಬಿಟ್ಟಳು. ಹೊಟ್ಟೆ ಸ್ವಲ್ಪ ಚುರ್ ಎಂದರೂ ಬೆಳ್ಳಗಾಗುವಳು. ನಾನು ಧೈರ್ಯ ಹೇಳಲು ಹೋಗಿ ಇನ್ನಷ್ಟು ಹೆದರಿಸುವೆ. "ಆ ಶಾಂತಮ್ಮ ಟೀಚರ್ ಸೊಸೀಗೂ ಹಿಂಗ ಆಗಿತ್ತವಾ" ಎಂದು ಶುರು ಮಾಡಿ, ಕೊನೆಗೆ ಏನಾಯಿತೆಂದು ನೆನಪಾಗಿ ನಡುವೆ ನಿಲ್ಲಿಸುವೆ. ಒಂದು ದಿನ ಅವಳು ಕಣ್ಣು ಮುಚ್ಚಿಕೊಂಡು, "ಅವ್ವಾ, ಒಂದ್ ತಾಸು ಸುಮ್ಮಕಿರ್ತೀಯೇನ" ಎಂದಳು. ನನಗೆ ಬೇಸರವಾಯಿತು. ಆದರೂ ಎದ್ದು, ಅವಳ ಮಂಚವನ್ನು ನಮ್ಮವರ ಕೈಯಲ್ಲಿ ಕಿಟಕಿಯ ಹತ್ತಿರ ಎಳೆಸಿ, ಪಕ್ಕಕ್ಕೆ ಈ ಕುರ್ಚಿ ಹಾಕಿಕೊಂಡೆ. ಮೊಬೈಲನ್ನು ಇಸಿದುಕೊಂಡು ಬೀರುವಿನಲ್ಲಿಟ್ಟೆ.

"ಏನ್ ನೋಡ್ಲಿ? ಪದ್ಮಕ್ಕನ ಗ್ವಾಡಿ ಕಾಣ್ತತಿ" ಎಂದಳು.

"ಗ್ವಾಡೀನ ನೋಡು" ಎಂದು ಸಣ್ಣವ್ವನ ಮಾತು ಹೇಳಿದೆ. ಟೀಚರಾಗಿ ಇಷ್ಟು ವರ್ಷದಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ನಸೀಮಾ ನಕ್ಕಳು. ನಮ್ಮ ಮನೆಗೆ ಬಂದ ಮೇಲೆ ಅವಳು ನಕ್ಕದ್ದನ್ನು ನಾನು ನೋಡಿರಲಿಲ್ಲ.

ಮೊದಲ ಕೆಲವು ದಿನ ಗೋಡೆಯೇ ಗತಿ. ಗೋಡೆಯ ಮೇಲೆ ಅಳಿಲು, ಅಳಿಲಿನ ಹಿಂದೆ ಪದ್ಮಕ್ಕನ ಬೆಕ್ಕು, ಬೆಕ್ಕಿನ ಹಿಂದೆ ಪದ್ಮಕ್ಕ. ಆಮೇಲೆ ಒಂದು ಮಳೆ ಬಂತು. ಮರುದಿನ ಅಂಜೂರದ ಗಿಡದಲ್ಲಿ ಹೆಬ್ಬೆರಳಿನಷ್ಟು ಹಕ್ಕಿಯೊಂದು ಬಾಲ ನಿಗುರಿಸಿಕೊಂಡು ಕುಪ್ಪಳಿಸಿತು. ಹಸಿರು ಬೆನ್ನು, ಕೆಂಪು ನೆತ್ತಿ. ಮೈಗಿಂತ ದೊಡ್ಡ ದನಿಯಲ್ಲಿ ಟುವ್ವಿ ಟುವ್ವಿ ಎಂದು ಗದರಿತು. "ಇದು ನಿನ್ನಂಗ ಐತವ್ವಾ" ಎಂದಳು ನಸೀಮಾ.

ಟುವ್ವಿ ಹಕ್ಕಿಯನ್ನು ನಮ್ಮ ಕಡೆ ಸಿಂಪಿಗ ಎಂದೂ ಕರೆಯುತ್ತಾರೆ, ಅಂದರೆ ದರ್ಜಿ. ಜೀನ್ಸ್ ಹೊಲಿಯುವ ಊರಿಗೆ ತಕ್ಕ ಹಕ್ಕಿ. ಅದು ಎಲೆಯ ಅಂಚಿನಲ್ಲಿ ಕೊಕ್ಕಿನಿಂದ ತೂತು ಮಾಡಿ, ಹತ್ತಿಯ ಎಳೆ ತೂರಿಸಿ, ಎರಡು ಅಂಚು ಸೇರಿಸಿ ಚೀಲ ಮಾಡುತ್ತದೆ. ಹತ್ತಿ ಎಲ್ಲಿಂದ ತರುತ್ತದೆ ಎಂದು ನೋಡಿದರೆ ನಮ್ಮ ಕಿಟಕಿಯ ಕಟ್ಟೆಯಿಂದಲೇ. ನಮ್ಮ ಮನೆಯವರು ಅಂಗಡಿಯಿಂದ ಬಂದು ಅಂಗಿ ಕೊಡವುವುದು ಆ ಕಿಟಕಿಯಲ್ಲಿ. ವಿಷಯ ತಿಳಿದ ಮೇಲೆ ಗಿಡ ಕಡಿಯುವ ಮಾತು ನಿಂತಿತು. ಮರುದಿನದಿಂದ ಜೇಬಿನಲ್ಲಿ ಒಂದು ಚಿಟಿಕೆ ಹತ್ತಿ ತಂದು ಕಟ್ಟೆಯ ಮೇಲಿಡತೊಡಗಿದರು. "ಪಾಲಿಯೆಸ್ಟರ್ ಅಲ್ಲ, ಅಸಲಿ ಹತ್ತಿ" ಎಂದು ಹಕ್ಕಿಗೆ ಕೇಳುವಂತೆ ಹೇಳುವರು. ಗಿರಾಕಿಗಳಿಗೂ ಅವರು ಅಷ್ಟು ಪ್ರಾಮಾಣಿಕರಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ಗೂಡು ಸರಿಯಾಗಿ ಕಾಣುತ್ತಿದ್ದದ್ದು ಮಂಚದ ಮೇಲೆ ಮಲಗಿದವರಿಗೇ. ಕುರ್ಚಿಯಿಂದ ನೋಡಿದರೆ ಎಲೆಯ ಬೆನ್ನು ಕಾಣುತ್ತಿತ್ತು ಅಷ್ಟೆ. ಹಾಗಾಗಿ ನಾನು ಅಡುಗೆಮನೆಯಿಂದ ಬಂದು ಕೂತಾಗ ವರದಿ ಒಪ್ಪಿಸುವುದು ನಸೀಮಾಳ ಕೆಲಸ. ಇವತ್ತು ಒಳಗೆ ಕೂತೇ ಇದೆ, ಮೊಟ್ಟೆ ಇಟ್ಟಿರಬೇಕು. ಇವತ್ತು ಗಂಡು ಬಂದು ಕೂಗಿ ಹೋಯಿತು. ಒಂದು ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದಾಗ, "ಅವ್ವಾ, ಬಾಯಾಗ ಹುಳಾ ಹಿಡ್ಕೊಂಡ್ ಬಂತು. ಮರಿ ಆಗ್ಯಾವ" ಎಂದು ಕೂಗಿದಳು. ಅವತ್ತು ಕೇಳಿ ಎರಡು ರೊಟ್ಟಿ ತಿಂದಳು. ನಾನು ದುವಾ ಮಾಡುವಾಗ ಮಗಳ ಹೆಸರಿನ ಜೊತೆ ಆ ಹಕ್ಕಿಯನ್ನೂ ಸೇರಿಸಿದೆ.

ಅದೇ ವಾರ ಸಿರುಗುಪ್ಪದಲ್ಲಿ ಸಣ್ಣವ್ವನ ಮೊಮ್ಮಗನ ಮದುವೆ. ಹೋಗದೆ ಗತಿಯಿಲ್ಲ. ನಮ್ಮ ನಾದಿನಿಯನ್ನು ನಸೀಮಾಳ ಜೊತೆಗಿರಿಸಿ, ಮೊಬೈಲನ್ನು ಅವಳ ಕೈಗೆ ವಾಪಸು ಕೊಟ್ಟು ಹೊರಟೆ. ಸಣ್ಣವ್ವ ಈಗ ಹಲ್ಲಿಲ್ಲದ ಮುದುಕಿ, ಆದರೆ ತುಂಬಿದ ಮನೆಯ ನಡುವೆ ಮಂಚ ಹಾಕಿಸಿಕೊಂಡು ಎಲ್ಲರ ಮೇಲೂ ಹುಕುಂ ನಡೆಸುತ್ತಾಳೆ. ಅವಳ ಪಕ್ಕ ಕೂತು ಟುವ್ವಿಯ ಕಥೆಯೆಲ್ಲ ಹೇಳಿದೆ. ಯಾವಾಗಲೂ "ಮುಂದ" ಎನ್ನುವವಳು ಈ ಸಲ ಅನ್ನಲಿಲ್ಲ. "ಹುಚ್ಚಿ, ಮಗಳ ಜೀವಾನ ತಗೊಂಡು ಹೋಗಿ ಹಕ್ಕಿ ಗೂಡಿಗೆ ನೇತಾಕಿ ಬಂದೀಯೇನ? ಗೂಡಿಗೆ ಅದರದ್ದ ಹಣೇಬರ ಇರತೈತಿ. ನಾಳೆ ಹಾವೋ ಕಾಗೀನೋ ಬಂದ್ರ ಏನ್ ಮಾಡ್ತಿ?" ಎಂದಳು.

ಇದು ನನಗೇಕೆ ಹೊಳೆದಿರಲಿಲ್ಲ? ಎದ್ದು ಹೊರಗೆ ಹೋಗಿ ಫೋನ್ ಮಾಡಿದೆ. "ಹಕ್ಕಿ ಹೆಂಗದಾವ?" "ಚಲೋ ಅದಾವವ್ವಾ. ಈಗ ಇನ್ನೂ ಹಸರ ಹುಳಾ ತಂದು ಉಣಿಸಿ ಹೋತು." ಮರುದಿನವೂ ಫೋನ್ ಮಾಡಿದೆ, ಅದರ ಮರುದಿನವೂ. ದಿನಕ್ಕೊಂದು ಹೊಸ ಸುದ್ದಿ. ಮರಿಗಳ ಬಾಯಿ ಹಳದಿಯಂತೆ. ಒಂದು ಜೋರಿನದಂತೆ. ಮದುವೆಮನೆಯಲ್ಲಿ ನಾನು ನೆಮ್ಮದಿಯಾಗಿ ಬಿರಿಯಾನಿ ಉಂಡೆ.

ಬಳ್ಳಾರಿಗೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ನಸೀಮಾ ಒಳಗಿನಿಂದ, "ಅವ್ವಾ, ಮರಿ ನಿನ್ನೆ ಹಾರಿಹೋದ್ವು. ನೀ ಇರಬೇಕಾಗಿತ್ತು" ಎಂದಳು. ಮುಖ ನಗುತ್ತಿತ್ತು. ನಾನು ಕಿಟಕಿಯ ಹೊರಗೆ ಬಗ್ಗಿ ನೋಡಿದೆ. ಎಲೆ ಒಂದು ಬದಿಗೆ ಸೀಳಿ ಹೋಗಿತ್ತು, ಹೊಲಿಗೆ ಬಿಚ್ಚಿ ಹತ್ತಿ ಹೊರಗೆ ಜೋತಿತ್ತು. ನಾನು ಹೊರಡುವಾಗ ಇನ್ನೂ ಕಣ್ಣೇ ಬಿಟ್ಟಿರಲಾರದ ಮರಿಗಳು ಇಷ್ಟರಲ್ಲಿ ಹಾರುವುದು ಸಾಧ್ಯವಿಲ್ಲ. ಯಾವುದೋ ಬಂದು ತಿಂದು ಹೋಗಿದೆ. ನಾದಿನಿಯನ್ನು ಕೇಳಿದರೆ, "ನನಗೇನ್ ಗೊತ್ತು, ಒಂದ್ ದಿನ ಭಾಳ ಕೂಗ್ಯಾಡಿದ್ವು ನೋಡು" ಎಂದಳು.

"ಹೌದಾ, ಚಲೋ ಆತು ಬಿಡು" ಎಂದೆ. ಅವಳು ನನಗೆ ಸುಳ್ಳು ಹೇಳುತ್ತಿದ್ದಾಳೋ, ತನಗೇ ಹೇಳಿಕೊಳ್ಳುತ್ತಿದ್ದಾಳೋ ತಿಳಿಯಲಿಲ್ಲ. ಯಾವುದಾದರೂ ಸರಿ, ಆ ಸುಳ್ಳು ಹರಿದರೆ ಮಗಳು ಏನಾಗುತ್ತಾಳೋ ಎಂಬ ಭಯ. ಆ ದಿನಗಳಲ್ಲಿ ನಾನು ಕುರ್ಚಿಯಲ್ಲಿ ಕೂತು ಆ ಸೀಳಿದ ಎಲೆಯನ್ನೇ ನೋಡುತ್ತಿದ್ದೆ. ಎಲ್ಲ ನನ್ನಿಂದಲೇ ಎನಿಸುತ್ತಿತ್ತು. ಮೊಬೈಲ್ ಇಸಿದುಕೊಂಡು ಕೈಗೆ ಏನು ಕೊಟ್ಟೆ ನಾನು, ನೋಡಿ ಹೆದರಲಿಕ್ಕೆ ಇನ್ನೊಂದು ಕಿಟಕಿ. ಯಾವ ಮಾತು ಎತ್ತಿದರೂ ಹಕ್ಕಿಯ ಹತ್ತಿರ ಹೋಗುತ್ತದೆಂದು ಮಾತನ್ನೇ ಬಿಟ್ಟೆ. ನಮ್ಮ ಮನೆಯವರು ನನ್ನ ಹಣೆ ಮುಟ್ಟಿ ಜ್ವರ ನೋಡಿದರು.

ಒಂದು ಮಧ್ಯಾಹ್ನ ನಸೀಮಾಳಿಗೆ ಸೊಂಟನೋವು ಬಂತು. ಸ್ವಲ್ಪ ರಕ್ತವೂ ಕಂಡಿತು. ಪದ್ಮಕ್ಕ ಓಡಿಹೋಗಿ ಆಟೋ ತಂದರು. ಆಸ್ಪತ್ರೆಯಲ್ಲಿ ಒಂದು ಮಂಚದ ಮೇಲೆ ಮಲಗಿಸಿ, ಸ್ಕ್ಯಾನಿಂಗಿಗೆ ಕರೆಯುತ್ತೇವೆಂದು ಹೇಳಿ ನರ್ಸ್ ಹೋದಳು. ನಮ್ಮಿಬ್ಬರ ಸುತ್ತ ಒಂದು ಪರದೆ, ಫ್ಯಾನಿನ ಸಪ್ಪಳ ಅಷ್ಟೆ. ನಾನು ಅವಳ ಕೈ ಹಿಡಿದು ನೆಲ ನೋಡುತ್ತ ನಿಂತಿದ್ದೆ.

"ಅವ್ವಾ."

"ಮಾತಾಡಬ್ಯಾಡವಾ, ಸುಮ್ಮಕ ಮಲಕ್ಕೊ."

"ಮರಿ ಹಾರಲಿಲ್ಲವ್ವಾ. ನೀ ಹೋದ ಮರುದಿನ ಕೆಂಬೂತ ಬಂತು."

"ಗೊತ್ತೈತಿ."

"ನಿನಗ ಗೊತ್ತೈತಿ ಅನ್ನೋದು ನನಗೂ ಗೊತ್ತಿತ್ತು. ಬಂದಾಗಿಂದ ನೀ ಬಾಯಿ ಬಿಟ್ಟಿಲ್ಲ. ನೀ ಸುಮ್ಮಕಾದ್ರ ಓಣಿಗೆಲ್ಲಾ ಗೊತ್ತಾಗತೈತಿ."

"ಮತ್ಯಾಕ ಹೇಳಲಿಲ್ಲ?" ಎಂದೆ.

"ಹೆಂಗ ಹೇಳ್ಲಿ? ಹೋದ ಎರಡು ಸಲಾನೂ ನೀ ಬಚ್ಚಲಕ್ಕ ಹೋಗಿ, ನಳ ಬಿಟ್ಟು ಅಳ್ತಿದ್ದಿ. ನಳದ ಸಪ್ಪಳಕ್ಕ ಕೇಳಂಗಿಲ್ಲ ಅನ್ಕೊಂಡಿದ್ದಿ. ನನಗ ಕೇಳ್ತಿತ್ತು. ಈ ಸಲ ಒಂದು ಹಕ್ಕಿ ನೋಡಿ ಇಷ್ಟ್ ಖುಷಿ ಆಗಿದ್ದಿ. ಅದನ್ನೂ ಹೋತು ಅಂತ ನನ್ನ ಬಾಯಿಂದ ಹೇಳಾಕ ಆಗ್ಲಿಲ್ಲ."

ನಾನು ಮಗಳನ್ನು ಕಾಯುತ್ತಿದ್ದೇನೆಂದು ತಿಳಿದಿದ್ದೆ. ಅವಳು ಮಲಗಿದಲ್ಲಿಂದ ನನ್ನನ್ನು ಕಾಯುತ್ತಿದ್ದಳು.

"ಅದನ್ನ ನೋಡ್ಕೊಂತ ಒಬ್ಬಾಕಿನ ಮಲಗಿದ್ದೇನ?" ಎಂದೆ.

"ಹೂಂ. ಕಿಟಕಿ ಮುಚ್ಚು ಅಂದಿದ್ರ ಸೋದರತ್ತಿ ಮುಚ್ಚತಿದ್ಲು. ಅನ್ನಲಿಲ್ಲ. ಮುಂದೇನು ಆಗತೈತಿ ನೋಡೇಬಿಡೋಣ ಅಂತ ನೋಡಿದೆ. ಹೆಣ್ಣು ಸಂಜೀತನಕ ಅಲ್ಲೇ ಕುಂತು ಕೂಗ್ತು. ಆಮ್ಯಾಗ ಬರಲೇ ಇಲ್ಲ. ನೀ ನಾಳೆ ಬರ್ತಿ ಅನ್ನೋ ದಿನ ಅದು ತಿರುಗಿ ಬಂತು ನೋಡವ್ವಾ. ಆ ಹರದ ಗೂಡಿನಾಗಿಂದ ಹತ್ತಿ ಜಗ್ಗಿ, ಅದನ್ನ ತಗೊಂಡು ಮ್ಯಾಲಿನ ಎಲಿಗೆ ಹೋತು. ಹೊಲ್ಯಾಕ ಹತ್ತೇತಿ. ಅದು ಹೊಲಿಗಿ ಹಾಕಿದ್ದು ನೋಡಿದ ಮ್ಯಾಲೆ ನನಗ ಮೊದಲಿನಷ್ಟು ಹೆದರಿಕಿ ಇಲ್ಲ. ಏನಾದ್ರೂ ಆಗ್ಲಿ, ಉಳದ ಹತ್ತಿ ಐತಲ್ಲ ಅನ್ನಿಸ್ತು. ನೀ ದಿನಾ ಕುಂತಿರ್ತಿದ್ದಿ, ನೋಡಿರ್ತಿ ಅನ್ಕೊಂಡಿದ್ದೆ."

ನಾನು ನೋಡಿರಲಿಲ್ಲ. ಹೊಸ ಗೂಡು ಸೀಳಿದ ಎಲೆಯಿಂದ ಒಂದು ಗೇಣು ಮೇಲಿತ್ತಂತೆ. ಪ್ಲಾಸ್ಟಿಕ್ ಚೀಲವನ್ನು ಹಕ್ಕಿಯೆಂದು ನೋಡಿದವಳು ಹಕ್ಕಿಯನ್ನೇ ನೋಡದೆ ಕೂತಿದ್ದೆ. ಹಾಗೆಂದೇ ಹೇಳಿದೆ. ನಸೀಮಾ ಕೇಳಿ, ನೋವಿನಲ್ಲೂ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮೆಲ್ಲಗೆ ನಕ್ಕಳು. ಆಗ ನರ್ಸ್ ಪರದೆ ಸರಿಸಿ ಒಳಗೆ ಕರೆದಳು. ಕತ್ತಲೆ ಕೋಣೆಯಲ್ಲಿ ಡಾಕ್ಟರಮ್ಮ ಏನೋ ಒತ್ತಿದರು, ಒಂದು ಸಣ್ಣ ಎದೆಬಡಿತ ಕೋಣೆ ತುಂಬ ಕೇಳಿಸಿತು. ಕುದುರೆ ಓಡುವಂತೆ ಓಡುತ್ತಿತ್ತು. "ಚೆನ್ನಾಗಿದೆ. ಆದ್ರೆ ಇಲ್ಲೇ ಇರಿಸ್ಕೋತೀವಿ" ಎಂದರು.

ಅಲ್ಲೇ ಇದ್ದಳು. ನಾನು ದಿನಾ ಬೆಳಿಗ್ಗೆ ಕುರ್ಚಿಯಲ್ಲಲ್ಲ, ಅವಳ ಮಂಚದ ಮೇಲೆ ಅವಳ ಜಾಗದಲ್ಲಿ ಮಲಗಿ ಮೇಲಿನ ಎಲೆ ನೋಡಿ, ನೋಡಿದ್ದನ್ನು ನೋಡಿದ ಹಾಗೆಯೇ ಆಸ್ಪತ್ರೆಗೆ ಒಯ್ದು ಹೇಳುತ್ತಿದ್ದೆ. ಆ ಸಲದ ಮರಿಗಳು ಹಾರಿದವೇ ಎಂದು ನೀವು ಕೇಳುತ್ತೀರಿ. ಒಂದು ಹಾರಿದ್ದನ್ನು ಕಣ್ಣಾರೆ ನೋಡಿದೆ. ಉಳಿದವು ಏನಾದವೋ ನನಗೆ ಗೊತ್ತಿಲ್ಲ, ಗೊತ್ತಿಲ್ಲವೆಂದೇ ಅವಳಿಗೂ ಹೇಳಿದೆ.

ಹೆರಿಗೆಯಾದದ್ದು ಚಳಿಗಾಲದ ಒಂದು ಬೆಳಿಗ್ಗೆ. ಹೆಣ್ಣು. ನಮ್ಮ ಮನೆಯವರು, ಅಳಿಯ, ಬೀಗರು, ಪದ್ಮಕ್ಕ, ಎಲ್ಲರೂ ವಾರ್ಡಿನಲ್ಲಿ ಮಂಚದ ಸುತ್ತ ನಿಂತಿದ್ದರು. ನಸೀಮಾ ಮಗುವನ್ನು ಎತ್ತಿ ನನ್ನ ಕೈಗೆ ಕೊಟ್ಟಳು. ಬೆಚ್ಚಗಿತ್ತು. ಏನೂ ಭಾರವಿರಲಿಲ್ಲ. ಏನಾದರೂ ಹೇಳಬೇಕೆಂದು ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಮಗುವನ್ನು ಅಳಿಯನ ಕೈಗೆ ಕೊಟ್ಟು ಬಾಗಿಲ ಕಡೆ ತಿರುಗಿದೆ. ನಸೀಮಾ ನನ್ನ ಸೆರಗು ಹಿಡಿದುಕೊಂಡಳು.

"ಎಲ್ಲಿಗೆ ಹೊಂಟಿ? ಇಲ್ಲೇ ಅಳವ್ವಾ. ಈ ಊರ ನಳದಾಗ ಇವತ್ತು ನೀರಿಲ್ಲ."

ಅಲ್ಲೇ ಕೂತು, ಎಲ್ಲರ ಎದುರು, ಹೊಟ್ಟೆ ತುಂಬ ಅತ್ತೆ. ಮಗು ಅಳಲಿಲ್ಲ. ಅಪ್ಪನ ಕೈಯಲ್ಲಿ ಮಲಗಿ, ಕಣ್ಣು ಬಿಟ್ಟು, ನನ್ನನ್ನೇ ನೋಡುತ್ತಿತ್ತು.